ಹಾಜರಿ ಪುಸ್ತಕ, ಅಳತೆ ಟೇಪು, ಸ್ವೀಕೃತಿ ಚೀಟಿ: ದಿನದ ರೂಢಿಯಲ್ಲಿ ಬೆಳೆಯುವ ಮುಂದಾಳುತನ

ರಾಯಚೂರು ಜಿಲ್ಲೆಯ ಒಂದು ಸಾಧಾರಣ ಹಳ್ಳಿಯಲ್ಲೂ ಮುಂದಾಳು ಎನ್ನಿಸಿಕೊಂಡವರು ಹತ್ತಾರು ಮಂದಿ ಇರುತ್ತಾರೆ. ಗ್ರಾಮ ಪಂಚಾಯಿತಿ ಸದಸ್ಯರು, ಉದ್ಯೋಗ ಖಾತ್ರಿ ಕೆಲಸದ ಕಾಯಕ ಬಂಧುಗಳು, ಸ್ತ್ರೀಶಕ್ತಿ ಮತ್ತು ಸಂಜೀವಿನಿ ಸಂಘಗಳ ಪ್ರತಿನಿಧಿಗಳು, ಶಾಲೆಯ ಎಸ್‌ಡಿಎಂಸಿ ಅಧ್ಯಕ್ಷರು, ಕಾಲುವೆಯ ನೀರು ಬಳಕೆದಾರರ ಸಹಕಾರ ಸಂಘದ ನಿರ್ದೇಶಕರು, ಜೊತೆಗೆ ಯಾವ ಹುದ್ದೆಯೂ ಇಲ್ಲದೆ ಅಗಸಿ ಕಟ್ಟೆಯ ಮೇಲೆ ಮಾತು ನಡೆಸುವ ಹಿರಿಯರು. ಹುದ್ದೆ ಇವರಲ್ಲಿ ಅನೇಕರಿಗೆ ಸಿಕ್ಕಿದೆ, ಮಾತಿಗೆ ಬೆಲೆ ಸಿಕ್ಕಿರುವುದು ಕೆಲವರಿಗೆ ಮಾತ್ರ. ಆ ಕೆಲವರನ್ನು ಹತ್ತಿರದಿಂದ ನೋಡಿದರೆ ಅವರೆಲ್ಲರಲ್ಲೂ ಒಂದು ಗುಣ ಕಾಣುತ್ತದೆ: ತಮ್ಮ ಕೆಲಸವನ್ನು ಬೇರೆಯವರು ಎಣಿಸಿ, ಅಳೆದು, ಓದಿ ನೋಡುವಂತೆ ಇಡುತ್ತಾರೆ, ಅದೂ ಪ್ರತಿದಿನ. ಭಾಷಣ ಬಾರದವರೂ ಇದನ್ನು ಮಾಡಬಲ್ಲರು, ಅಕ್ಷರ ಬಾರದವರೂ ಅರ್ಧದಷ್ಟನ್ನು ಮಾಡಬಲ್ಲರು. ಹಾಗಾಗಿಯೇ ಇದು ಕಲಿಯಬಹುದಾದ ವಿದ್ಯೆ.

ಈ ವಿದ್ಯೆಗೆ ರಾಯಚೂರು ಸೀಮೆ ದೊಡ್ಡ ಪಾಠಶಾಲೆಯಾದದ್ದು ಉದ್ಯೋಗ ಖಾತ್ರಿಯಿಂದ. 2005ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ 2006ರ ಫೆಬ್ರುವರಿ 2ರಂದು ದೇಶದ 200 ಜಿಲ್ಲೆಗಳಲ್ಲಿ ಜಾರಿಗೆ ಬಂತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದ ಐದು ಜಿಲ್ಲೆಗಳಲ್ಲಿ ರಾಯಚೂರು ಒಂದು. ಸುಗ್ಗಿ ಮುಗಿದ ಮೇಲೆ ದೇವದುರ್ಗ, ಮಾನ್ವಿ ಕಡೆಯ ಕುಟುಂಬಗಳು ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗುವುದು ಆ ಹೊತ್ತಿಗೆ ತಲೆಮಾರುಗಳ ರೂಢಿಯಾಗಿತ್ತು. ಊರಲ್ಲೇ ಕೆಲಸ ಕೇಳುವ ಹಕ್ಕು ಬಂದಾಗ ಕೇಳುವವರನ್ನು ಒಟ್ಟುಗೂಡಿಸುವ ಜನವೂ ಬೇಕಾಯಿತು. ಗ್ರಾಮೀಣ ಕೂಲಿ ಕಾರ್ಮಿಕರ ಸಂಘಟನೆಯಂಥ ಸಂಘಗಳು ಈ ಜಿಲ್ಲೆಯಲ್ಲಿ ಬೇರೂರಿದ್ದು, ಕೂಲಿ ಮಾಡುವ ಹೆಣ್ಣುಮಕ್ಕಳೇ ತಂಡ ನಡೆಸುವವರಾದದ್ದು ಹೀಗೆ. ತಂಡದ ಮೇಲ್ವಿಚಾರಕರಿಗೆ ಬೇರೆ ರಾಜ್ಯಗಳಲ್ಲಿ ಮೇಟ್ ಎಂಬ ಹೆಸರಿದ್ದರೆ ಕರ್ನಾಟಕ ಅವರನ್ನು ಕಾಯಕ ಬಂಧು ಎಂದು ಕರೆಯಿತು. ಕಾನೂನಿನ ಹೆಸರು, ನಿಯಮ ಬದಲಾಗುತ್ತ ಹೋದರೂ ಮಣ್ಣಿನ ಕೆಲಸದ ಜಾಗದಲ್ಲಿ ಕಲಿತ ರೂಢಿಗಳು ಸಂಘ, ಶಾಲೆ, ಕಾಲುವೆ ಎಲ್ಲಕ್ಕೂ ಒದಗುತ್ತವೆ.

ನಸುಕಿನಲ್ಲಿ

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಕೆರೆಯ ಹೂಳೆತ್ತುವ, ಬದು ಹಾಕುವ ಕೆಲಸ ಆರೂವರೆ ಹೊತ್ತಿಗೆ ಶುರುವಾಗದಿದ್ದರೆ ಹನ್ನೊಂದರ ನಂತರ ಸಲಿಕೆಯ ಹಿಡಿಕೆಯೇ ಕೈ ಸುಡುತ್ತದೆ. ತಂಡ ನಡೆಸುವವರ ಮೊದಲ ರೂಢಿ ಎಲ್ಲರಿಗಿಂತ ಕಾಲು ಗಂಟೆ ಮುಂಚೆ ಅಲ್ಲಿರುವುದು. ಆ ಕಾಲು ಗಂಟೆಯಲ್ಲಿ ಮಾಡುವ ಕೆಲಸ ಮೂರೇ: ಕುಡಿಯುವ ನೀರು ಬಂದಿದೆಯೇ, ನೆರಳಿನ ವ್ಯವಸ್ಥೆ ಆಗಿದೆಯೇ, ನಿನ್ನೆ ಅಗೆದ ಗುಂಡಿಯ ಗುರುತು ಹಾಗೇ ಇದೆಯೇ ಎಂದು ನೋಡುವುದು. ಕೆಲಸದ ಜಾಗದಲ್ಲಿ ನೀರು, ನೆರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕು, ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಕೂಲಿ ಕೊಟ್ಟು ನೇಮಿಸಬೇಕು ಎಂಬುದು 2005ರ ಕಾಯ್ದೆಯಲ್ಲೇ ಇದ್ದ ಮಾತು. ಕಾಗದದ ಮೇಲಿನ ಈ ಸೌಲಭ್ಯ ಮಣ್ಣಿನ ಮೇಲೆ ಇಳಿಯುವುದು ಯಾರೋ ಒಬ್ಬರು ಮುಂಚೆ ಬಂದು ಕೊಡದಲ್ಲಿ ಕೈಯಾಡಿಸಿ ನೋಡಿದಾಗಲೇ.

ಎರಡನೆಯದು ಹಾಜರಿ. ಹಾಜರಿಯನ್ನು ಬರೆದುಕೊಂಡರೆ ಸಾಲದು, ಓದಬೇಕು. ಬದುವಿನ ಮೇಲೆ ನಿಂತ ಕಾಯಕ ಬಂಧು ಒಂದೊಂದೇ ಹೆಸರು ಕೂಗುತ್ತಾಳೆ, ಪುಟ್ಟಿ ಕೆಳಗಿಟ್ಟು ಒಬ್ಬೊಬ್ಬರೇ ಓಗೊಡುತ್ತಾರೆ. ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಕೇಳುತ್ತಾಳೆ: ‘ಯಕ್ಕಾ, ನನ್ನ ಹೆಸರು ಬಂತೇನು?’ ‘ಬಂದೈತಿ ಬೇ, ಹನ್ನೆರಡನೇದು ನಿಂದೇ.’ ಎರಡು ನಿಮಿಷದ ಈ ಓದಿನಲ್ಲಿ ಊರಿಗೇ ಬಾರದ ಹೆಸರೊಂದು ಪಟ್ಟಿಯಲ್ಲಿ ಸೇರಿದ್ದರೆ ಇಪ್ಪತ್ತು ಕಿವಿಗಳಿಗೆ ಗೊತ್ತಾಗುತ್ತದೆ. ಬಂದವರ ಹೆಸರು ಬಿಟ್ಟುಹೋಗಿದ್ದರೆ ಅಲ್ಲೇ ಸರಿಯಾಗುತ್ತದೆ. ಮೊಬೈಲಿನಲ್ಲಿ ಫೋಟೊ ಹಾಜರಿ ಬಂದ ಮೇಲೂ ಈ ಓದನ್ನು ಬಿಡಬಾರದು. ನೆಟ್‌ವರ್ಕ್ ಸಿಗದ ದಿನ ಫೋಟೊ ಏರದೆ ಹೋದರೆ ಆ ದಿನ ಯಾರು ದುಡಿದರು ಎಂಬುದಕ್ಕೆ ಕೈಬರಹದ ಪುಸ್ತಕ ಮತ್ತು ಕೇಳಿಸಿಕೊಂಡ ಜನ ಎರಡೇ ಆಧಾರ.

ಗೈರಾದವರ ಹೆಸರಿನ ಮುಂದೆ ಗೆರೆ ಎಳೆದು ಸುಮ್ಮನಾಗುವ ಬದಲು ಅವರ ಓಣಿಯವರನ್ನು ‘ಯಾಕ ಬಂದಿಲ್ಲ?’ ಎಂದು ಕೇಳುವುದು ಸಣ್ಣ ರೂಢಿ. ಆದರೆ ಜ್ವರ, ಹೆರಿಗೆ, ಗುಳೆಗೆ ಹೊರಟ ಸುದ್ದಿ, ಮನೆಯೊಳಗಿನ ಹೊಡೆತ, ಎಲ್ಲ ಮೊದಲು ಹೊರಬರುವುದು ಈ ಒಂದು ಪ್ರಶ್ನೆಗೆ.

ಟೇಪಿನ ಎರಡು ತುದಿ

ಮಣ್ಣಿನ ಕೆಲಸದಲ್ಲಿ ಕೂಲಿ ನಿಂತಿರುವುದು ಅಳತೆಯ ಮೇಲೆ. ಕಿರಿಯ ಎಂಜಿನಿಯರ್ (ಜೆಇ) ಬಂದು ಅಳತೆ ಪುಸ್ತಕದಲ್ಲಿ ಬರೆದ ಘನ ಮೀಟರಿಗೆ ತಕ್ಕಂತೆ ಹಣ ಬರುತ್ತದೆ. ಇಲ್ಲಿ ಒಂದು ಲೆಕ್ಕ ನೋಡಬೇಕು. ಹತ್ತು ಮಂದಿ ಸೇರಿ 6 ಮೀಟರ್ ಉದ್ದ, 5 ಮೀಟರ್ ಅಗಲ, 90 ಸೆಂಟಿಮೀಟರ್ ಆಳ ಅಗೆದರೆ 27 ಘನ ಮೀಟರ್ ಆಯಿತು. ಆಳವನ್ನು 80 ಸೆಂಟಿಮೀಟರ್ ಎಂದು ಬರೆದರೆ ಅದು 24ಕ್ಕೆ ಇಳಿಯುತ್ತದೆ. ಒಂದು ಗೇಣಿಗಿಂತ ಕಡಿಮೆಯ ಈ ವ್ಯತ್ಯಾಸ ಒಂಬತ್ತರಲ್ಲಿ ಒಂದು ಪಾಲನ್ನು ನುಂಗುತ್ತದೆ. ಅಂದರೆ ಒಂಬತ್ತು ದಿನ ದುಡಿದವರಿಗೆ ಎಂಟು ದಿನದ ಕೂಲಿ.

ಅದಕ್ಕಾಗಿ ಅಳತೆಯ ರೂಢಿ ಹೀಗಿರಬೇಕು. ದಿನದ ಕೊನೆಗೆ, ಜೆಇ ಬರುವ ತನಕ ಕಾಯದೆ, ತಂಡವೇ ಅಳೆಯಬೇಕು. ಟೇಪಿನ ಒಂದು ತುದಿಯನ್ನು ಕಾಯಕ ಬಂಧು ಹಿಡಿದರೆ ಇನ್ನೊಂದು ತುದಿಯನ್ನು ದಿನಕ್ಕೊಬ್ಬರಂತೆ ಕೂಲಿಯವರು ಹಿಡಿಯಬೇಕು. ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು. ಆಳಕ್ಕೆ ಸಾಕ್ಷಿಯಾಗಿ ಗುಂಡಿಯ ನಡುವೆ ಅಗೆಯದೆ ಬಿಟ್ಟ ಮಣ್ಣಿನ ದಿಮ್ಮಿಯನ್ನು ಅಳತೆ ಮುಗಿಯುವವರೆಗೆ ಯಾರೂ ಕೆಡವಬಾರದು. ಎರಡು ತಿಂಗಳಲ್ಲಿ ತಂಡದ ಅರ್ಧದಷ್ಟು ಜನ ಟೇಪು ಓದುವುದನ್ನು ಕಲಿತಿರುತ್ತಾರೆ. ಆಮೇಲೆ ಅಳತೆ ಕಡಿಮೆ ಬಂದಾಗ ಜಗಳಕ್ಕೆ ಹೋಗಬೇಕಾಗಿಲ್ಲ, ‘ಸಾಹೇಬ್ರ, ನಮ್ಮ ಪುಸ್ತಕದಾಗ ತೊಂಬತ್ತು ಐತಿ, ಇನ್ನೊಮ್ಮೆ ಹಿಡೀರಿ’ ಎಂದರೆ ಸಾಕು. ಅಳತೆ ಬಲ್ಲ ತಂಡವನ್ನು ನಡೆಸುವುದು ಅಳತೆ ಬಾರದ ತಂಡವನ್ನು ನಡೆಸುವುದಕ್ಕಿಂತ ಕಷ್ಟ ಎಂದು ಕೆಲವರು ಅಂಜುತ್ತಾರೆ. ಆ ಅಂಜಿಕೆಯೇ ಅವರನ್ನು ಮೇಸ್ತ್ರಿಗಳಾಗಿ ಉಳಿಸಿಬಿಡುತ್ತದೆ.

ಮೊದಲ ದಿನದಿಂದಲೇ ಪಾಲಿಸಬೇಕಾದ ಇನ್ನೊಂದು ಮಾತಿದೆ: ಯಾರ ಜಾಬ್‌ಕಾರ್ಡನ್ನೂ, ಬ್ಯಾಂಕ್ ಪಾಸ್‌ಬುಕ್ಕನ್ನೂ, ಎಟಿಎಂ ಕಾರ್ಡನ್ನೂ ಒಂದು ರಾತ್ರಿಯೂ ತಮ್ಮ ಮನೆಯಲ್ಲಿ ಇಟ್ಟುಕೊಳ್ಳಬಾರದು. ‘ಕಳಕೊಂತಾರ, ನಾವೇ ಇಟ್ಕೊಂಡ್ರ ಛಲೋ’ ಎಂಬುದು ಒಳ್ಳೆಯ ಮನಸ್ಸಿನಿಂದಲೇ ಹುಟ್ಟುವ ಮಾತು. ಆದರೆ ಕಾರ್ಡು ಇನ್ನೊಬ್ಬರ ಟ್ರಂಕಿನಲ್ಲಿದ್ದಷ್ಟು ದಿನ ಹಕ್ಕು ಕೂಡ ಅಲ್ಲೇ ಇರುತ್ತದೆ.

ಕಾಯಕ ಬಂಧು ಎಂಬ ಹೆಸರಿನಲ್ಲಿರುವ ಕಾಯಕಕ್ಕೆ ಈ ಜಿಲ್ಲೆಯಲ್ಲೇ ಹಳೆಯ ಬೇರಿದೆ. 12ನೆಯ ಶತಮಾನದ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ತೆಗೆದುಕೊಳ್ಳದೆ, ಎಲ್ಲಿಂದ ತಂದೆಯೋ ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಎಂಬುದು ಪರಂಪರೆಯ ಕಥೆ. ಅವತ್ತಿನ ಅಕ್ಕಿಯನ್ನು ಅವತ್ತೇ ನೋಡಿದ್ದು, ಹೆಚ್ಚಾದದ್ದನ್ನು ಅವತ್ತೇ ಮರಳಿಸಿದ್ದು ಈ ಕಥೆಯ ಜೀವಾಳ. ಸಾರ್ವಜನಿಕ ಹಣ ಮುಟ್ಟುವ ಯಾರಿಗೇ ಆದರೂ ದಿನದ ಲೆಕ್ಕ ದಿನವೇ ಮುಗಿಸುವ ರೂಢಿಗೆ ಇದಕ್ಕಿಂತ ಹತ್ತಿರದ ನೆನಪು ಬೇಕಿಲ್ಲ.

ಚೀಟಿ ಇಲ್ಲದ ಅರ್ಜಿ ಅರ್ಜಿಯಲ್ಲ

ತಾಲ್ಲೂಕು ಕಚೇರಿಗೆ ಹೋಗಿ ‘ಹೇಳಿ ಬಂದೀನಿ’ ಎನ್ನುವ ಮುಂದಾಳುಗಳು ಬಹಳ. ‘ಕೊಟ್ಟು, ಸ್ವೀಕೃತಿ ತಂದೀನಿ’ ಎನ್ನುವವರು ವಿರಳ. ವ್ಯತ್ಯಾಸ ದೊಡ್ಡದು. 2005ರ ಉದ್ಯೋಗ ಖಾತ್ರಿ ಕಾಯ್ದೆಯಂತೆ ನಮೂನೆ 6ರಲ್ಲಿ ಕೆಲಸ ಕೇಳಿದ ಹದಿನೈದು ದಿನದೊಳಗೆ ಕೆಲಸ ಕೊಡಬೇಕಿತ್ತು, ಕೊಡದಿದ್ದರೆ ನಿರುದ್ಯೋಗ ಭತ್ಯೆ, ಅದು ಮೊದಲ ಮೂವತ್ತು ದಿನ ಕೂಲಿಯ ಕಾಲು ಭಾಗಕ್ಕೆ, ಆಮೇಲೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಈ ಹದಿನೈದು ದಿನ ಎಂದಿನಿಂದ ಎಂಬುದನ್ನು ಹೇಳುವುದು ದಿನಾಂಕ ಬರೆದ ಸ್ವೀಕೃತಿ ಚೀಟಿ ಮಾತ್ರ. ಚೀಟಿ ಇಲ್ಲದಿದ್ದರೆ ಎಣಿಕೆಯೇ ಶುರುವಾಗುವುದಿಲ್ಲ. ಕರ್ನಾಟಕದ ಸಕಾಲ ಕಾಯ್ದೆಯಡಿ ಸಿಗುವ ಸ್ವೀಕೃತಿ ಸಂಖ್ಯೆಗೂ, ಮಾಹಿತಿ ಹಕ್ಕಿನ ಮೂವತ್ತು ದಿನಕ್ಕೂ ಇದೇ ಮಾತು.

ಇದನ್ನು ರೂಢಿಯಾಗಿಸುವ ಸುಲಭ ದಾರಿ ಒಂದು ಉದ್ದನೆಯ ನೋಟ್‌ಬುಕ್. ಎಡ ಪುಟದಲ್ಲಿ ಯಾರಿಗಾಗಿ, ಏನು, ಯಾವ ಕಚೇರಿ, ಯಾವ ದಿನ. ಬಲ ಪುಟದಲ್ಲಿ ಸ್ವೀಕೃತಿಯನ್ನೇ ಅಂಟಿಸುವುದು, ಕೆಳಗೆ ಮತ್ತೆ ಹೋಗಬೇಕಾದ ದಿನ. ರಾತ್ರಿ ಊಟಕ್ಕೆ ಮುಂಚೆ ನಾಳೆಯ ದಿನಾಂಕದ ಸಾಲುಗಳನ್ನು ಒಮ್ಮೆ ನೋಡುವುದು. ಪುಸ್ತಕದಲ್ಲಿ ತನ್ನ ಸಾಲು ಇದೆ ಎಂದು ಗೊತ್ತಿರುವ ವಿಧವೆ ಪಿಂಚಣಿಯ ಅರ್ಜಿದಾರಳು ದಿನಾ ಬಾಗಿಲಿಗೆ ಬಂದು ನಿಲ್ಲುವುದಿಲ್ಲ. ಕೆಲಸ ಆಗಲಿಲ್ಲವೆಂದರೆ ಅದನ್ನು ಅದೇ ದಿನ, ಅವರ ಮನೆಗೇ ಹೋಗಿ ಹೇಳಬೇಕು. ‘ಆಗ್ತದ, ಆಗ್ತದ’ ಎಂದು ತಳ್ಳುತ್ತ ಹೋದ ಆರು ತಿಂಗಳನ್ನು ಜನ ಮರೆಯುವುದಿಲ್ಲ. ‘ಆಗಲಿಲ್ಲ, ಈ ಕಾಗದ ಕಡಿಮೆ ಬಿತ್ತು’ ಎಂದು ಅವತ್ತೇ ಹೇಳಿದವರ ಮೇಲೆ ಸಿಟ್ಟು ಒಂದು ವಾರ ಇರುತ್ತದೆ, ನಂಬಿಕೆ ಉಳಿಯುತ್ತದೆ.

ಪಂಚಾಯಿತಿಯಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲಾದದ್ದು 2010ರ ತಿದ್ದುಪಡಿಯಿಂದ. ಹೊಸದಾಗಿ ಗೆದ್ದ ಸದಸ್ಯೆಗೆ ಎಲ್ಲಕ್ಕಿಂತ ಮೊದಲು ಬೇಕಾದ ರೂಢಿ, ಓದಿಸದೆ ಸಹಿ ಮಾಡದಿರುವುದು. ಖಾಲಿ ಬಿಟ್ಟ ಠರಾವು ಪುಸ್ತಕಕ್ಕೆ ಸಹಿ ಕೇಳಿದರೆ ‘ಬರೀರಿ, ಓದ್ರಿ, ಆಮ್ಯಾಲೆ ಹಾಕ್ತೀನಿ’ ಎನ್ನುವ ಒಂದು ವಾಕ್ಯವನ್ನು ಮೊದಲ ಸಭೆಯಲ್ಲೇ ಹೇಳಬೇಕು. ಐದನೇ ಸಭೆಯಲ್ಲಿ ಹೇಳಿದರೆ ಅದು ಜಗಳವಾಗಿ ಕಾಣುತ್ತದೆ. ಮನೆಯ ಗಂಡಸರು ಕಚೇರಿಯ ತನಕ ಜೊತೆಗೆ ಬರಲಿ, ಮಾತನ್ನು ಮಾತ್ರ ಆಕೆಯೇ ಆಡಲಿ. ತನ್ನ ವಾರ್ಡಿನ ಒಂದು ವಿಷಯವನ್ನು ಪ್ರತಿ ಸಭೆಯಲ್ಲೂ ಎದ್ದು ನಿಂತು ಓದುವುದೆಂದು ಗೊತ್ತುಮಾಡಿಕೊಂಡರೆ ವರ್ಷದೊಳಗೆ ದನಿ ನಡುಗುವುದು ನಿಲ್ಲುತ್ತದೆ.

ಕಾಲುವೆಯ ಕೊನೆಯಲ್ಲಿ

ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದಿನ ಜಲಾಶಯದಿಂದ ಹೊರಟು ಸುಮಾರು 227 ಕಿಲೋಮೀಟರ್ ಹರಿಯುತ್ತದೆ. ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರಿನ ಹೊಲಗಳಿಗೆ ಅದು ಬರುವುದು ಕೊನೆಗೆ. ಕಡಿಮೆ ನೀರು ಬೇಡುವ ಬೆಳೆಗಳನ್ನು ಲೆಕ್ಕಕ್ಕೆ ಹಿಡಿದು ಹೆಚ್ಚು ಭೂಮಿಗೆ ನೀರು ಹಂಚುವ ಯೋಜನೆ ಇದು. ಮೇಲ್ಭಾಗದಲ್ಲಿ ಭತ್ತ ಹರಡಿದಂತೆಲ್ಲ ಕೊನೆಯ ಭಾಗದ ತೂಬು ಒಣಗುತ್ತ ಬಂತು. ಜಲಾಶಯದಲ್ಲಿ ಹೂಳು ತುಂಬಿ, ಮೂಲದಲ್ಲಿ 133 ಟಿಎಂಸಿ ಇದ್ದ ಸಂಗ್ರಹ ಸಾಮರ್ಥ್ಯ ಈಗ 105 ಟಿಎಂಸಿಯ ಆಸುಪಾಸಿಗೆ ಇಳಿದಿದೆ. ಇಂಥ ಕಡೆ ರೈತರ ಮುಂದಾಳಾಗುವುದು ಸುಲಭವಲ್ಲ. ರಸ್ತೆ ತಡೆ, ಧರಣಿ ಇದ್ದೇ ಇರುತ್ತವೆ. ಆದರೆ ಧರಣಿ ಮುಗಿದ ಮರುದಿನ ಬೆಳಿಗ್ಗೆ ಏನು ಮಾಡುವುದು ಎಂಬುದೇ ನಿಜವಾದ ಪ್ರಶ್ನೆ.

ಉತ್ತರ ಗೇಜ್ ಕಲ್ಲಿನ ಹತ್ತಿರ ಇದೆ. ವಿತರಣಾ ಕಾಲುವೆಯ ಮುಖದಲ್ಲಿ ನೀರಿನ ಎತ್ತರ ತೋರಿಸುವ ಗೇಜನ್ನು ದಿನವೂ ಒಂದೇ ಹೊತ್ತಿನಲ್ಲಿ ನೋಡಿ, ಒಂದೇ ಪುಸ್ತಕದಲ್ಲಿ ಬರೆದು, ಫೋಟೊ ತೆಗೆದು ತೂಬಿನ ರೈತರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಐದು ನಿಮಿಷದ ಕೆಲಸ. ‘ನೀರು ಬರವಲ್ದು’ ಎಂಬ ದೂರಿಗೆ ‘ಬಿಟ್ಟೀವಿ’ ಎಂಬ ಉತ್ತರ ಯಾವಾಗಲೂ ತಯಾರಿರುತ್ತದೆ. ‘ಹನ್ನೊಂದು ದಿನದಿಂದ ಗೇಜ್ ಎರಡಡಿ ದಾಟಿಲ್ಲ, ಇಗೋ ಪುಸ್ತಕ’ ಎಂದಾಗ ಎದುರಿನವರೂ ತಮ್ಮ ಪುಸ್ತಕ ತೆರೆಯಬೇಕಾಗುತ್ತದೆ. ಪಾಳಿಯ ನೀರು ಬಂದ ದಿನ ಮುಂದಾಳಿನ ಸ್ವಂತ ಹೊಲಕ್ಕೆ ಎಲ್ಲರಿಗಿಂತ ಕೊನೆಗೆ ನೀರು ಹೋಗಬೇಕು. ಕಾಲುವೆ ಸೀಮೆಯಲ್ಲಿ ಒಬ್ಬರ ಮಾತಿನ ತೂಕ ಬೇಗ ಏರುವುದೂ ಬೇಗ ಇಳಿಯುವುದೂ ಈ ಒಂದು ವಿಷಯದಲ್ಲಿ. ತನ್ನ ಪಟ್ಟಿಗೆ ಮೊದಲು ನೀರು ಹಾಯಿಸಿಕೊಂಡವರು ಆಮೇಲೆ ಎಷ್ಟು ನ್ಯಾಯ ಹೇಳಿದರೂ ಊರು ಕೇಳುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋಯಿತು. ನೀರೆಲ್ಲ ನದಿಗೆ ಹರಿದು ಹೋಗುತ್ತದೆ, ಈ ಬೆಳೆಯೂ ಹೋಯಿತು ಎಂಬ ಭಯ ಆ ವಾರವಿಡೀ ಅಚ್ಚುಕಟ್ಟಿನಲ್ಲಿ ಆವರಿಸಿತ್ತು. ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ಹರಿವನ್ನು ತಡೆದರು. ಇಂಥ ದಿನಗಳಲ್ಲಿ ಮುಂದಾಳಿನ ಕೆಲಸ ಸಂಜೆ ಒಂದು ಗೊತ್ತಾದ ಹೊತ್ತಿಗೆ ಇವತ್ತಿನ ನೀರಿನ ಮಟ್ಟ ಎಷ್ಟು, ಒಳಹರಿವು ಎಷ್ಟು, ನಾಳೆ ಏನು ತಿಳಿಯಲಿದೆ ಎಂದು ಹೇಳುವುದು. ಹೊಸದೇನೂ ಇಲ್ಲದ ದಿನವೂ ‘ಹೊಸ ಸುದ್ದಿ ಇಲ್ಲ’ ಎಂದು ಹೇಳಬೇಕು, ಇಲ್ಲವಾದರೆ ಆ ಖಾಲಿ ಜಾಗವನ್ನು ಗಾಳಿಸುದ್ದಿ ತುಂಬುತ್ತದೆ.

ಕುಡಿಯುವ ನೀರಿಗೂ ಇದೇ ಕ್ರಮ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಇರಬೇಕೆಂಬುದು ರಾಷ್ಟ್ರೀಯ ಮಾನದಂಡ. ಸಣ್ಣ ಕಿಟ್‌ನ ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಹನಿ ಹಾಕಿ ಬಣ್ಣ ನೋಡಿದರೆ ಇದು ತಿಳಿಯುತ್ತದೆ. ಜಲಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐದು ಮಹಿಳೆಯರಿಗೆ ಇಂಥ ಪರೀಕ್ಷೆಯ ತರಬೇತಿ ಕೊಡುವ ಕ್ರಮ ಇಟ್ಟಿದೆ. ಕಿಟ್ ಕಪಾಟಿನಲ್ಲಿ ಕುಳಿತರೆ ತರಬೇತಿ ವ್ಯರ್ಥ. ಓವರ್‌ಹೆಡ್ ಟ್ಯಾಂಕಿನಿಂದ ಅತಿ ದೂರದ ಓಣಿಯ ನಲ್ಲಿಯನ್ನು ವಾರಕ್ಕೊಮ್ಮೆ ಪರೀಕ್ಷಿಸಿ ಅಂಗನವಾಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ವಾರ್ಡ್ ಸದಸ್ಯರು ಇಂದೇ ಶುರುಮಾಡಬಹುದಾದ ರೂಢಿ.

ವಾರದ ಸಭೆ

ಸ್ವಸಹಾಯ ಸಂಘಗಳಲ್ಲಿ ಪಂಚಸೂತ್ರ ಎಂಬ ಮಾತು ಎಲ್ಲರಿಗೂ ಬಾಯಿಪಾಠ: ತಪ್ಪದ ಸಭೆ, ತಪ್ಪದ ಉಳಿತಾಯ, ಒಳಗೊಳಗಿನ ಸಾಲ, ಸಕಾಲದ ಮರುಪಾವತಿ, ಅಚ್ಚುಕಟ್ಟಾದ ಪುಸ್ತಕ. ಐದರಲ್ಲಿ ಮೊದಲು ಮುರಿಯುವುದು ಸಭೆ. ಒಂದು ವಾರ ಜಾತ್ರೆ, ಇನ್ನೊಂದು ವಾರ ಹತ್ತಿ ಬಿಡಿಸುವ ಗಡಿಬಿಡಿ, ಮೂರನೇ ವಾರ ಪ್ರತಿನಿಧಿಯೇ ಮನೆಮನೆಗೆ ಹೋಗಿ ಹಣ ಕೂಡಿಸಿಕೊಳ್ಳುತ್ತಾಳೆ. ಅಲ್ಲಿಗೆ ಸಂಘ ಹೋಯಿತು, ಕಂತು ವಸೂಲಿ ಉಳಿಯಿತು. ಹತ್ತು ನಿಮಿಷದ ಸಭೆಯಾದರೂ ಸರಿ, ಕೂಡಬೇಕು. ದುಂಡಗೆ ಕೂಡಬೇಕು, ಸಾಲಾಗಿ ಕೂತರೆ ಹಿಂದಿನವರು ಮಾತಾಡುವುದಿಲ್ಲ. ಕಳೆದ ವಾರದ ಲೆಕ್ಕವನ್ನು ಪುಸ್ತಕ ಬರೆಯುವವರು ಬಿಟ್ಟು ಬೇರೊಬ್ಬರು ಓದಬೇಕು, ಓದು ಬಾರದವರು ಎಣಿಸಿದ ನೋಟನ್ನು ಮತ್ತೆ ಎಣಿಸಬೇಕು. ಪ್ರತಿನಿಧಿ ತನ್ನ ಅಭಿಪ್ರಾಯವನ್ನು ಕೊನೆಗೆ ಹೇಳಬೇಕು. ಆಕೆ ಮೊದಲೇ ಹೇಳಿಬಿಟ್ಟರೆ ಉಳಿದವರು ‘ಹೌದ್ರಿ’ ಎನ್ನುತ್ತಾರೆ ಅಷ್ಟೆ, ಸಾಲ ಮರಳದ ದಿನ ಆ ‘ಹೌದ್ರಿ’ ಯಾರ ನೆನಪಿನಲ್ಲೂ ಇರುವುದಿಲ್ಲ.

ರೂಢಿ ನಿಲ್ಲುವ ಬಗೆ

ಇಷ್ಟನ್ನೂ ಒಂದೇ ವಾರದಲ್ಲಿ ಹಿಡಿದರೆ ಎರಡನೇ ವಾರಕ್ಕೆ ಕೈಬಿಡುವುದು ಖಚಿತ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿ ಮಾಡಿದ ಅಧ್ಯಯನದಲ್ಲಿ ಒಂದು ಹೊಸ ರೂಢಿ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನದ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದ್ದರಿಂದ ದೊಡ್ಡ ಹಾನಿಯಾಗಲಿಲ್ಲ. ಏಪ್ರಿಲ್, ಮೇ ತಿಂಗಳ ಮಣ್ಣಿನ ಕೆಲಸದ ಹಂಗಾಮು ಸರಿಸುಮಾರು ಇಷ್ಟೇ ಉದ್ದ. ಒಂದು ಹಂಗಾಮಿಗೆ ಒಂದೇ ರೂಢಿ, ಹೆಚ್ಚೆಂದರೆ ಎರಡು, ಹಿಡಿದರೆ ಸಾಕು. ಈ ವರ್ಷ ಹಾಜರಿ ಓದುವುದು, ಬರುವ ವರ್ಷ ಅಳತೆ.

ಹೊಸ ರೂಢಿಯನ್ನು ಈಗಾಗಲೇ ತಪ್ಪದೆ ಮಾಡುವ ಕೆಲಸಕ್ಕೆ ಗಂಟುಹಾಕಿದರೆ ನೆನಪಿಡುವ ಕಷ್ಟ ತಪ್ಪುತ್ತದೆ. ಬುತ್ತಿ ಬಿಚ್ಚುವ ಮುಂಚೆ ಅಳತೆ, ದನ ಕಟ್ಟಿ ಬಂದ ಮೇಲೆ ಗೇಜ್, ರೊಟ್ಟಿ ಬಡಿದು ಕೈ ತೊಳೆದ ಮೇಲೆ ನೋಟ್‌ಬುಕ್. ತನ್ನೊಬ್ಬಳ ಮನೋಬಲದ ಮೇಲೆ ಭಾರ ಹಾಕುವ ಬದಲು ಜೊತೆಗೊಬ್ಬರನ್ನು ಕಟ್ಟಿಕೊಳ್ಳುವುದು ಇನ್ನೂ ಒಳ್ಳೆಯದು. ಏಮ್ಸ್ ಆಸ್ಪತ್ರೆ ರಾಯಚೂರಿಗೇ ಬೇಕೆಂದು 2022ರ ಮೇ 13ರಂದು ನಗರದಲ್ಲಿ ಶುರುವಾದ ಧರಣಿ ಸಾವಿರ ದಿನ ದಾಟಿತು. ಇಷ್ಟು ದಿನ ಒಂದು ಪೆಂಡಾಲು ಖಾಲಿಯಾಗದೆ ಉಳಿಯುವುದು ಇವತ್ತು ಯಾರು ಕೂಡುವವರು ಎಂಬ ಪ್ರಶ್ನೆಗೆ ದಿನಾ ಒಂದು ಹೆಸರು ಸಿಕ್ಕಾಗ ಮಾತ್ರ.

ಪುಸ್ತಕ ಒಪ್ಪಿಸುವುದು

ಕಾಯಕ ಬಂಧು ಗುಳೆ ಹೋಗಬಹುದು, ಪಂಚಾಯಿತಿ ಅವಧಿ ಮುಗಿಯಬಹುದು, ಸಂಘದ ಪ್ರತಿನಿಧಿ ಬದಲಾಗಬಹುದು. ಹಾಗಾಗಿ ಎರಡನೆಯವರನ್ನು ತಯಾರು ಮಾಡುವುದು ಕೊನೆಯ ತಿಂಗಳ ಕೆಲಸವಲ್ಲ, ಮೊದಲ ತಿಂಗಳಿನದು. ಈ ಸೀಮೆಗೆ ಇದು ಹೊಸದೂ ಅಲ್ಲ. ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು, ಅವರ ಶಿಷ್ಯರಾದ ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಗೋಪಾಲದಾಸರು, ಆಮೇಲೆ ಮಾನ್ವಿಯ ಜಗನ್ನಾಥದಾಸರು: 18ನೆಯ ಶತಮಾನದಲ್ಲಿ ಹರಿದಾಸ ಪರಂಪರೆ ಇಲ್ಲಿ ಮತ್ತೆ ಚಿಗುರಿದ್ದು ಕೈಯಿಂದ ಕೈಗೆ ದಾಟಿದ ಅಭ್ಯಾಸದಿಂದ.

ವಾರದಲ್ಲಿ ಒಂದು ದಿನ ಹಾಜರಿ ಓದುವುದನ್ನು ಬೇರೊಬ್ಬರಿಗೆ ಬಿಟ್ಟು ಕಾಯಕ ಬಂಧು ಸಾಲಿನಲ್ಲಿ ಪುಟ್ಟಿ ಹಿಡಿದು ನಿಲ್ಲಬೇಕು. ತಪ್ಪು ಓದಿದರೆ ಎಲ್ಲರ ಮುಂದೆ ತಿದ್ದದೆ ಮಧ್ಯಾಹ್ನ ಬುತ್ತಿಯ ಹೊತ್ತಿಗೆ ಹೇಳಬೇಕು. ತಿಂಗಳಿಗೊಮ್ಮೆ ತಾಲ್ಲೂಕು ಕಚೇರಿಗೆ ಹೋಗುವಾಗ ಜೊತೆಗೆ ಒಬ್ಬ ಹೊಸಬಳನ್ನು ಕರೆದೊಯ್ದು, ಯಾವ ಟೇಬಲ್ಲಿಗೆ ಯಾವ ಕಾಗದ ಎಂದು ತೋರಿಸಿ, ಮುಂದಿನ ಸಲ ಅರ್ಜಿಯನ್ನು ಆಕೆಯ ಕೈಯಿಂದಲೇ ಕೊಡಿಸಬೇಕು. ಹೊಣೆ ಬಿಡುವ ದಿನ ನೋಟ್‌ಬುಕ್, ಗೇಜ್ ಪುಸ್ತಕ, ಟೇಪು, ಇನ್ನೂ ಉತ್ತರ ಬಾರದ ಅರ್ಜಿಗಳ ಸ್ವೀಕೃತಿ ಚೀಟಿಗಳನ್ನು ತಂಡದ ಎದುರಿಗೆ ಎಣಿಸಿ, ಪಟ್ಟಿ ಮಾಡಿ, ಪಡೆದವರ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಬೇಕು. ಮರುದಿನ ನಸುಕಿನಲ್ಲಿ ಹೆಸರು ಕೂಗುವ ದನಿ ಬೇರೆಯದಾಗಿರುತ್ತದೆ, ಹಿಂದಿನ ಕಾಯಕ ಬಂಧುವಿನ ಹೆಸರೂ ಅದೇ ಪಟ್ಟಿಯಲ್ಲಿ ತನ್ನ ಸರದಿಗೆ ಬರುತ್ತದೆ.